ಅಣ್ಣನನ್ನು ಗಾಡಿ ಹತ್ತಿಸಬೇಡಿ

ನಮ್ಮ ಕಡೆ ವಯಸ್ಸಾದವರೊಬ್ಬರು ರಸ್ತೆಯ ಮೇಲೆ ನಡೆದು ಹೊರಟರೆ ಮಂದಿಗೆ ಸಹಿಸಲು ಆಗುವುದಿಲ್ಲ. ಹಿಂದಿನಿಂದ ಬೈಕು ಬಂದು ಪಕ್ಕಕ್ಕೆ ನಿಲ್ಲುತ್ತದೆ. "ಕುಂದರ್ರಿ ಕಾಕಾ, ಬಿಡ್ತೀನಿ" ಅನ್ನುತ್ತಾರೆ. ಒಲ್ಲೆ ಅಂದರೆ ಮುಖ ಸಣ್ಣದು ಮಾಡುತ್ತಾರೆ. ಮತ್ತೊಮ್ಮೆ ಒಲ್ಲೆ ಅಂದರೆ "ಯಾಕ್ರಿ, ನಮ್ಮ ಗಾಡಿ ನಿಮಗ ನಡೆಯಂಗಿಲ್ಲೇನು?" ಎಂದು ಜಗಳಕ್ಕೇ ಬರುತ್ತಾರೆ. ಇದಕ್ಕೆ ಮರ್ಯಾದೆ ಎಂದು ಹೆಸರು. ಈ ಮರ್ಯಾದೆ ಮೊದಲು ನಮ್ಮ ಅಣ್ಣನ ಕಾಲು ತಿಂದಿತು, ಆಮೇಲೆ ತಲೆಗೂ ಬಾಯಿ ಹಾಕಿತು. ಬಡಿಸಿಕೊಟ್ಟವನು ನಾನೇ. ಅದಕ್ಕೇ ನನ್ನ ಸಿಟ್ಟು ಬೇರೆಯವರ ಸಿಟ್ಟಿಗಿಂತ ಒಂದು ಕೈ ಜಾಸ್ತಿ.

ನಾನು ಆಟೋ ಓಡಿಸುವವನು. ಹುಟ್ಟಿದ್ದು ಕಮಲಾಪುರದಲ್ಲಿ. ಐದನೇ ಇಯತ್ತೆ ಅರ್ಧಕ್ಕೆ ಬಿಟ್ಟು ಕಲಬುರಗಿಗೆ ಬಂದೆ. ಆಗ ಅದು ಗುಲ್ಬರ್ಗಾ. ಗ್ಯಾರೇಜಿನಲ್ಲಿ ಲಾರಿ ತೊಳೆದೆ, ಕ್ಲೀನರ್ ಆದೆ, ಬೇರೆಯವರ ಆಟೋ ಓಡಿಸಿದೆ, ಕೊನೆಗೆ ನನ್ನದೇ ಆಟೋ ಕೊಂಡೆ. ಬ್ರಹ್ಮಪುರದ ಎರಡು ಕೋಣೆಯ ಮನೆ ನನ್ನ ಬೆವರಿನದು. ಸೂಪರ್ ಮಾರ್ಕೆಟ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷದ ಮೇಲೆ ನಿಂತಿದ್ದೇನೆ, ಯಾರ ಮುಂದೂ ಕೈಯೊಡ್ಡಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಹೋದ ಮೇಲೆ ನನ್ನನ್ನು ಬೆಳೆಸಿದವನು ಅವನೇ. ಊರ ಹೊರಗೆ ನಮ್ಮದೊಂದು ಸಣ್ಣ ತೋಟ, ಕೆಂಪು ಬಾಳೆಯದು. ಮನೆಯಿಂದ ಅರ್ಧ ತಾಸಿನ ದಾರಿ. ಅಣ್ಣ ಮುಂಜಾನೆ ಹೋಗಿ ಊಟಕ್ಕೆ ಬರುತ್ತಿದ್ದ, ಉಂಡು ಮತ್ತೆ ಹೋಗಿ ಸಂಜೆಗೆ ಬರುತ್ತಿದ್ದ. ಗೊನೆ ಕಡಿದ ದಿನ ತಲೆಯ ಮೇಲೆ ಹೊತ್ತುಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಇನ್ನೊಂದೆರಡು ಸಲ. ಅವನ ನಡಿಗೆ ಹೇಗಿತ್ತೆಂದರೆ ಅವನ ಜೊತೆ ಮಾತಾಡಬೇಕಾದವರು ಓಡಬೇಕಿತ್ತು. ಯಾರ ಹೊಲದಲ್ಲಿ ಯಾವ ಎತ್ತು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಯಾವ ವರ್ಷ ಯಾವ ಬಾವಿ ಬತ್ತಿತು, ಎಲ್ಲ ಅವನ ಬಾಯಲ್ಲಿ ಇತ್ತು. ಊರಿನಲ್ಲಿ ಗಡಿ ತಂಟೆ ಬಂದರೆ ಕಾಗದಕ್ಕಿಂತ ಮೊದಲು ಅಣ್ಣನನ್ನು ಕರೆಯುತ್ತಿದ್ದರು.

ಸ್ವಂತ ಆಟೋ ಬಂದ ದಿನ ನಾನು ಮೊದಲು ಹೋಗಿದ್ದು ಕಮಲಾಪುರಕ್ಕೆ. ಅಣ್ಣನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅವನು ಗುಡಿಯೊಳಗೆ ಹೋಗುವವರ ಹಾಗೆ ಚಪ್ಪಲಿ ಕಳೆದು ಕೈಯಲ್ಲಿ ಹಿಡಿದು ಕೂತ. ನನಗೆ ಎದೆ ಉಬ್ಬಿ ಬಂತು. ಆವತ್ತೇ ಊರಿನ ಸ್ಟ್ಯಾಂಡಿನಲ್ಲಿದ್ದ ಆಟೋದವರನ್ನೆಲ್ಲ ಚಹಾಕ್ಕೆ ಕರೆದು ಹೇಳಿದೆ:

"ನೋಡ್ರಪ್ಪಾ, ಇವತ್ತಿನಿಂದ ನಮ್ಮ ಅಣ್ಣ ರಸ್ತಾದಾಗ ಕಂಡ್ರ ಕೂಡಿಸ್ಕೊಂಡೇ ಹೋಗ್ಬೇಕು. ನಡಕೋತ ಹೊಂಟಿದ್ದ ಅಂತ ನನ್ನ ಕಿವಿಗಿ ಬಿತ್ತಂದ್ರ ನಮ್ಮ ನಿಮ್ಮ ದೋಸ್ತಿ ಮುಗೀತು."

ಆಟೋದವರಲ್ಲಿ ಒಂದು ಕಟ್ಟು ಇದೆ. ಒಬ್ಬನ ಮನೆಯ ಹಿರಿಯ ಎಲ್ಲರಿಗೂ ಹಿರಿಯ. ಅವನನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಬಾಡಿಗೆ ಕೇಳುವ ಹಾಗಿಲ್ಲ. ನನ್ನ ಮಾತಿಗೆ ಅವರು ಎಷ್ಟು ಬೆಲೆ ಕೊಟ್ಟರೆಂದರೆ, ಹದಿನೈದು ವರ್ಷ ಅಣ್ಣನ ಕಾಲು ಡಾಂಬರಿಗೆ ತಾಗಲಿಲ್ಲ. ಮೊದಮೊದಲು ಅವನು ತಪ್ಪಿಸಿಕೊಂಡು ಹೊಲದ ಒಡ್ಡಿನ ಮೇಲೆ ಹೋಗುತ್ತಿದ್ದನಂತೆ. ಅಲ್ಲಿಗೂ ಹೋಗಿ ಕರೆತಂದರು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಮ್ಮೆ ನನಗೆ ಹೇಳಿದ್ದಳು:

"ಯಪ್ಪಾ, ನಡೀದಿದ್ರ ಅವರಿಗಿ ರೊಟ್ಟಿ ಇಳಿಯಂಗಿಲ್ಲ. ಸುಮ್ಮ ಬಿಡು ಅವರನ್ನ."

"ನಡದದ್ದು ಸಾಕು ವೈನಿ. ಇನ್ನ ಕುಂತು ಉಣ್ಲಿ" ಎಂದೆ. ಎಂಥ ದೊಡ್ಡ ಮಾತು ಆಡಿದೆ ಎಂದುಕೊಂಡೆ.

ಆಮೇಲೆ ಅಣ್ಣನ ಒಬ್ಬನೇ ಮಗನಿಗೆ ಊರಿನಲ್ಲೇ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕಿತು. ತೋಟವನ್ನು ಪಾಲಿಗೆ ಹಚ್ಚಿದರು. ತೋಟದ ಕೆಲಸ ತಪ್ಪಿದ ಮೇಲೆ ಅಣ್ಣ ಮನೆಯಿಂದ ಹನುಮಪ್ಪನ ಗುಡಿಯ ಕಟ್ಟೆಗೆ ಆಟೋದಲ್ಲಿ ಹೋಗುವುದು, ಕಟ್ಟೆಯಿಂದ ಮನೆಗೆ ಆಟೋದಲ್ಲಿ ಬರುವುದು. ಐನೂರು ಹೆಜ್ಜೆ ಕೂಡ ಇಲ್ಲದ ದಾರಿ ಅದು.

ಒಂದು ದಿನ ಊರಿನ ಆಟೋದವನೊಬ್ಬ ನನಗೆ ಫೋನ್ ಮಾಡಿ ನಗುತ್ತಾ ಹೇಳಿದ: "ಮಾಮಾ, ಅಣ್ಣಾರು ಮಸ್ತ್ ಮಜಾಕ್ ಮಾಡ್ತಾರ್ರಿ. ಆಟೋದಾಗ ಕುಂತಾರ, ಎಲ್ಲಿಗ್ರಿ ಅಂದ್ರ, 'ನೀ ಎಲ್ಲಿಗಿ ಒಯ್ತಿ ಅಲ್ಲಿಗಿ' ಅಂತಾರ."

ನಾನೂ ನಕ್ಕೆ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಆ ನಗೆಯನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವನು ಮಜಾಕ್ ಮಾಡಿರಲಿಲ್ಲ. ಎಲ್ಲಿಗೆ ಹೊರಟಿದ್ದೇನೆ ಎಂಬುದು ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಒಂದು ವರ್ಷ ಹೀಗೇ ಹೋಯಿತು. ಉಂಡ ಮೇಲೆ ಮತ್ತೆ ಊಟ ಕೇಳುವುದು, ಅಂಗಿ ತಿರುಗಾಮುರುಗಾ ಹಾಕಿಕೊಳ್ಳುವುದು, ಹೇಳಿದ್ದನ್ನೇ ಹೇಳುವುದು. "ವಯಸ್ಸಾತು" ಎಂದು ಎಲ್ಲರೂ ಕೈಬಿಟ್ಟರು. ಎತ್ತು ಕುಂಟಿದರೆ ಮೂರು ಊರು ತಿರುಗಿ ಔಷಧ ತರುವ ಜನ, ಮನುಷ್ಯನ ತಲೆ ಕುಂಟಿದರೆ ವಯಸ್ಸಾಯಿತು ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಹಟ ಹಿಡಿದು ಅವನನ್ನು ಕಲಬುರಗಿಯ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಅಣ್ಣನಿಗೆ "ಇವತ್ತು ತಾರೀಖು ಎಷ್ಟ್ರಿ?" ಎಂದು ಕೇಳಿದರು. ಅಣ್ಣ ಅಂಗಿಯ ಗುಂಡಿ ತಿರುವುತ್ತಾ ಕೂತ. ನನಗೆ ರೇಗಿತು.

"ಅಲ್ರೀ ಮೇಡಂ, ಅವನಿಗಿ ಜಲ್ಮದಾಗ ತಾರೀಖು ಬೇಕಾಗಿಲ್ರಿ. ಅಮಾಸಿ ಹುಣ್ಣಿಮಿ ಕೇಳ್ರಿ, ಹೇಳ್ತಾನ."

ಅವರು ಸಿಟ್ಟಾಗಲಿಲ್ಲ. "ಆಯ್ತ್ರಿ. ಅಮಾಸಿ ಯಾವಾಗ ಆತು ಅಜ್ಜಾರ?" ಎಂದರು. ಅಣ್ಣ ನನ್ನ ಮುಖ ನೋಡಿದ. ಅದೂ ಗೊತ್ತಿರಲಿಲ್ಲ.

ಆಮೇಲೆ ಅವರು ಅಣ್ಣನನ್ನು ಎಬ್ಬಿಸಿ ಹೊರಗಿನ ಉದ್ದ ಪಡಸಾಲೆಯಲ್ಲಿ ನಡೆಸಿದರು. ತಾವೂ ಜೊತೆಗೆ ನಡೆಯುತ್ತಾ "ನಿಮ್ಮ ತೋಟದಾಗ ಏನ್ ಬೆಳೀತೀರಿ?" ಎಂದರು. ಅಣ್ಣ ತಟ್ಟನೆ ನಿಂತ. ನಿಂತು, ಯೋಚಿಸಿ, "ಬಾಳಿ" ಎಂದ. ಮತ್ತೆ ನಡೆದರು. "ಯಾವ ಬಾಳಿ?" ಮತ್ತೆ ನಿಂತ. ಮೂರು ಸಲ ಹಾಗೇ ಆಯಿತು.

"ನೋಡಿದ್ರೇನು? ಮಾತು ಬಂದ್ರ ಕಾಲು ನಿಲ್ತಾವ" ಎಂದರು ಡಾಕ್ಟರಮ್ಮ. "ಎರಡೂ ಕೂಡಿ ಮಾಡೋದು ಅವರ ತಲಿಗಿ ಭಾರ ಆಗ್ಯಾದ. ಗುಳಿಗಿ ಕೊಡ್ತೀನಿ, ಆದ್ರ ಗುಳಿಗಿ ಮ್ಯಾಲ ಭಾಳ ಭರೋಸಾ ಇಡಬ್ಯಾಡ್ರಿ. ದಿನಾ ನಡೀಲಿ. ಗೊತ್ತಿದ್ದ ದಾರಿ, ಗೊತ್ತಿದ್ದ ಮಂದಿ, ಜೊತೀಲಿ ಒಬ್ಬರು ಇರಬೇಕು. ಹೋದದ್ದು ತಿರುಗಿ ಬರ್ತದಂತ ನಾ ಹೇಳಂಗಿಲ್ಲ. ಇದ್ದದ್ದು ಇನ್ನೊಂದಿಷ್ಟು ದಿನ ಇದ್ದೀತು. ಮೊದಲು ಎಷ್ಟು ನಡೀತಿದ್ರು?"

"ದಿನಕ್ಕ ಎರಡು ತಾಸು, ಮೂರು ತಾಸು ನಡೀತಿದ್ದನ್ರಿ."

"ಯಾಕ್ ಬಿಟ್ರು?"

ಮೂವತ್ತು ವರ್ಷ ಯಾವ ಪೊಲೀಸನ ಮುಂದೂ ತಲೆ ತಗ್ಗಿಸದವನು ಆ ಹುಡುಗಿಯಂಥ ಡಾಕ್ಟರಮ್ಮನ ಮುಂದೆ ನೆಲ ನೋಡುತ್ತಾ ಕೂತೆ.

ಆ ವಾರವೇ ಆಟೋವನ್ನು ಇನ್ನೊಬ್ಬನಿಗೆ ಓಡಿಸಲು ಕೊಟ್ಟೆ. ವಾರದಲ್ಲಿ ನಾಲ್ಕು ದಿನ ಕಮಲಾಪುರದಲ್ಲಿ ಇದ್ದು ಅಣ್ಣನನ್ನು ಮುಂಜಾನೆ ತೋಟದವರೆಗೆ ನಡೆಸುವುದು, ವಾಪಸ್ಸು ಕರೆತರುವುದು. ಉಳಿದ ಮೂರು ದಿನ ವೈನಿ ಕರೆದುಕೊಂಡು ಹೋಗುತ್ತಾಳೆ. ಲೆಕ್ಕ ಸರಳ ಅನಿಸಿತ್ತು. ನಮ್ಮ ಜನರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ದಿನ ಮನೆ ಬಿಟ್ಟು ಹೆದ್ದಾರಿಗೆ ಬರುವಷ್ಟರಲ್ಲಿ ನಾಲ್ಕು ಬೈಕು, ಎರಡು ಆಟೋ, ಒಂದು ಟ್ರ್ಯಾಕ್ಟರ್ ನಿಂತವು. ಒಬ್ಬ "ಗಾಡಿ ಸೀಜ್ ಆತೇನ್ ಮಾಮಾ?" ಎಂದ. ಇನ್ನೊಬ್ಬ "ಹರಕಿ ಹೊತ್ತೀರೇನ್ರಿ? ಯಾವ ದೇವರಿಗಿ?" ಎಂದ. ಮತ್ತೊಬ್ಬ ದನಿ ಇಳಿಸಿ, "ಶುಗರ್ ಬಂತೇನ್ರಿ?" ಎಂದ. ಮೂರೇ ಕಾರಣ. ಸಾಲ, ಹರಕೆ, ಸಕ್ಕರೆ ಕಾಯಿಲೆ. ನಾಲ್ಕನೆಯ ಕಾರಣಕ್ಕೆ ಮನುಷ್ಯ ನಡೆಯಬಹುದು ಎಂಬುದು ಈಗ ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ಅಪ್ಪಂದಿರು ಕಾಲಿದ್ದವು ಎಂದು ನಡೆಯುತ್ತಿದ್ದರು.

ಹಳೆಯ ದೋಸ್ತ್ ಒಬ್ಬ, ಊರಿನ ಸ್ಟ್ಯಾಂಡಿನ ಹಿರಿಯ ಡ್ರೈವರ್, ಆಟೋ ಅಡ್ಡ ಹಾಕಿಯೇ ನಿಲ್ಲಿಸಿದ. "ಕೈಕು ಪೈದಲ್ ಜಾರೈಂ ಭಾಯಿ? ಮೈಂ ಮರ್‌ಗಯಾ ಕ್ಯಾ?" ಎಂದ. ಯಾಕೆ ನಡೆದು ಹೊರಟಿದ್ದೀರಿ, ನಾನೇನು ಸತ್ತುಹೋದೆನೇ ಎಂದು ಕೇಳುವವನಿಗೆ ಏನು ಹೇಳುವುದು! ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಎಲ್ಲ ಕೇಳಿ, ತಲೆಯಾಡಿಸಿ, ಹಿಂದಿನ ಸೀಟು ಒರೆಸಿ, "ಬರೋಬ್ಬರಿ ಐತಿ. ನಾಳಿಯಿಂದ ನಡೀರಿ. ಇವತ್ತು ಕುಂದರ್ರಿ" ಎಂದ.

ಇವರಿಗೆಲ್ಲ ಬಯ್ಯುವ ಬಾಯಿ ನನಗಿರಲಿಲ್ಲ, ಯಾಕೆಂದರೆ ಕಲಬುರಗಿಯಲ್ಲಿ ನಾನು ಮಾಡಿದ್ದೂ ಇದೇ. ಕುಸನೂರ ಕಡೆಯ ಹೊಸ ಲೇಔಟಿನಲ್ಲಿ ಒಬ್ಬ ರಿಟೈರ್ಡ್ ಸಾಹೇಬರಿದ್ದರು. ದಿನಾ ಮುಂಜಾನೆ ಅವರನ್ನು ವಾಕಿಂಗ್ ಮಾಡುವ ಮೈದಾನಕ್ಕೆ ಆಟೋದಲ್ಲಿ ಒಯ್ಯುತ್ತಿದ್ದೆ. ಅವರು ಬಿಳಿ ಬೂಟು ಹಾಕಿಕೊಂಡು ಗಾಣದೆತ್ತಿನ ಹಾಗೆ ಸುತ್ತು ಹೊಡೆಯುತ್ತಿದ್ದರು, ನಾನು ಆಟೋದಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದೆ. ಒಮ್ಮೆ ಕೇಳಿದೆ: "ಸಾಹೇಬ್ರ, ಮನಿಯಿಂದ ಇಲ್ಲಿತನಕ ನಡಕೋತ ಬಂದ್ರ ಅಲ್ಲಿಗೇ ವಾಕಿಂಗ್ ಆತಲ್ರಿ?"

"ಏಯ್, ರಸ್ತಾದಾಗ ನಡದ್ರ ಮಂದಿ ಏನ್ ತಿಳ್ಕೋತಾರೋ? ಬಸ್ಸಿಗಿ ರೊಕ್ಕ ಇಲ್ಲ ಅನ್ನಂಗಿಲ್ಲೇನು?" ಎಂದರು.

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ನಡೆಯಲು ರಸ್ತೆಯಾದರೂ ಎಲ್ಲಿದೆ? ಸೂಪರ್ ಮಾರ್ಕೆಟ್ಟಿನಲ್ಲಿ ಕಾಲುದಾರಿಯ ಮೇಲೆ ಅಂಗಡಿ, ಅಂಗಡಿಯ ಮುಂದೆ ಬೈಕು, ಬೈಕಿನ ಮುಂದೆ ನಮ್ಮ ಆಟೋ. ಕೋಲು ಹಿಡಿದ ಮುದುಕಿಯೊಬ್ಬಳು ದಾಟಲು ನಿಂತರೆ ನಾವೇ ಹಾರ್ನ್ ಒತ್ತಿ ಹಿಂದಕ್ಕೆ ಸರಿಸುತ್ತೇವೆ. ಆಮೇಲೆ ಅವಳಿಗೆ "ಬಾ ಅವ್ವಾ, ಆಟೋ ಹತ್ತು" ಅನ್ನುತ್ತೇವೆ. ಕಮಲಾಪುರದ ಹೆದ್ದಾರಿ ದೊಡ್ಡದಾಯಿತು, ಹುಣಸೆ ಮರಗಳು ಹೋದವು, ಲಾರಿಗೆ ಅಷ್ಟಗಲ ಜಾಗ ಬಂತು. ಕಾಲಿಗೆ ಉಳಿದದ್ದು ಜಲ್ಲಿಕಲ್ಲಿನ ಒಂದು ಮೊಳ.

ಇರಲಿ. ನಾವು ನಡೆದೆವು. ಅಣ್ಣನ ಮಗ ಮಾತ್ರ ಮುಖ ಗಂಟು ಹಾಕಿಕೊಂಡಿದ್ದ. ಒಂದು ಸಂಜೆ ಬೂಟು ಬಿಚ್ಚುತ್ತಾ ಜಗಳ ತೆಗೆದ:

"ಕಾಕಾ, ಆಫೀಸ್ನಾಗ ನನ್ನ ಕೇಳ್ತಾರ. 'ನಿಮ್ಮಪ್ಪ ಹೈವೇ ಮ್ಯಾಲ ಬರೇ ಬಿಸಲಾಗ ಹೊಂಟಿದ್ದ, ಮನ್ಯಾಗ ಗಾಡಿ ಇಲ್ಲೇನೋ?' ಅಂತಾರ. ನಾ ಏನ್ ಹೇಳ್ಲಿ?"

"ಕಾಲು ಅದಾವ ಅಂತ ಹೇಳು."

"ನಿಮಗ ಹಾಸ್ಯ. ಮಗ ನೋಡಂಗಿಲ್ಲ ಅಂತ ಹೆಸರು ಬರೋದು ನನಗ."

"ನಿನ್ನ ಹೆಸರಿನ ಸಲುವಾಗಿ ನಿಮ್ಮಪ್ಪ ತನ್ನ ಹೆಸರು ಮರೀಬೇಕೇನು?"

ಅವನು ಧಡಾರನೆ ಬಾಗಿಲು ಹಾಕಿಕೊಂಡ. ನಾನು ಹೊರಗೆ ಕೂತು ಇನ್ನೂ ಹತ್ತು ಮಾತು ಹೊಂದಿಸಿಕೊಂಡೆ.

ಸುಮಾರು ಎರಡು ತಿಂಗಳಿಗೆ ಒಂದು ಮುಂಜಾನೆ, ಹೆದ್ದಾರಿ ಬಿಟ್ಟು ತೋಟದ ಬಂಡಿದಾರಿಗೆ ಇಳಿದಿದ್ದೆವು. ಅಣ್ಣ ಮುಂದೆ, ನಾನು ಹಿಂದೆ. ಹಳ್ಳದ ಹತ್ತಿರ ಅವನು ಹೇಳಿದ: "ಇಲ್ಲೇ ನೋಡು, ನೀ ಗೊನಿ ಹೊತ್ಕೊಂಡು ಜಿಗಿಲಾಕ ಹೋಗಿ ಬಿದ್ದಿ. ಗೊನಿ ಹೋತಂತ ಅಳವಲ್ಲಿ, ಚಡ್ಡಿ ಹರೀತಂತ ಅತ್ತಿ. ಅವ್ವ ಹಳೀ ಕೊಡಿ ಅರಿವಿ ಹಚ್ಚಿ ಹೊಲದು ಕೊಟ್ಟಳು, ಕರೀದು. ಸಾಲಿಗಿ ಹೋಗೂದಿಲ್ಲಂತ ಅದಕ್ಕೇ ಹಟ ಹಿಡದಿದ್ದಿ."

ನಾನು "ಇಷ್ಟೆಲ್ಲ ಮಂದಿ ಮುಂದ ಹೇಳಬ್ಯಾಡ" ಎಂದು ನಗುತ್ತಾ ಹತ್ತು ಹೆಜ್ಜೆ ಹೋದೆ. ಆಮೇಲೆ ನನ್ನ ಕಾಲು ನಿಂತಿತು. ಅಷ್ಟೂ ಮಾತು ಆಡುವಾಗ ಅವನ ಕಾಲು ನಿಂತಿರಲಿಲ್ಲ. ಕೊಡೆಯ ಬಟ್ಟೆಯ ತೇಪೆ ನಾನೇ ಮರೆತಿದ್ದೆ. ಆ ಬಂಡಿದಾರಿಯ ಮೇಲೆ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಛಲೋ ಆತ್ರಿ. ಆದ್ರ ಒಂದ್ ದಿನದ್ದು ನೋಡಿ ಹಿಗ್ಗಬ್ಯಾಡ್ರಿ. ನಡಸೋದು ಬಿಡಬ್ಯಾಡ್ರಿ" ಎಂದರು. ನಾನು ಹಿಗ್ಗಿದೆ. ಹಿಗ್ಗದೆ ಏನು ಮಾಡಲಿ?

ಅದಾಗಿ ಹದಿನೈದು ದಿನಕ್ಕೆ ಅನಾಹುತ ಆಯಿತು.

ಒಂದು ಟ್ರ್ಯಾಕ್ಟರಿನವನು ನಾವು ನಡೆಯುವ ಆ ಒಂದು ಮೊಳ ಜಾಗದ ಮೇಲೆಯೇ ಟ್ರೇಲರ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದ. ಅಣ್ಣ ಲಾರಿಗಳ ನಡುವೆ ಇಳಿದು ಸುತ್ತು ಹಾಕಬೇಕಾಯಿತು. ನನಗೆ ತಡೆಯಲಿಲ್ಲ. ಅಣ್ಣನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಚಹಾದಂಗಡಿಗೆ ನುಗ್ಗಿ ಅವನ ಜೊತೆ ಜಗಳಕ್ಕೆ ಬಿದ್ದೆ. "ರಸ್ತಾ ನಿಮ್ಮಪ್ಪಂದೇನು?" "ನಿಮ್ಮಪ್ಪಂದೇನು?" ಎಂದು ಇಬ್ಬರೂ ಅಪ್ಪಂದಿರನ್ನು ಎಳೆದು ತರುವಷ್ಟರಲ್ಲಿ ಹತ್ತು ನಿಮಿಷ ಹೋಗಿರಬೇಕು. ತಿರುಗಿ ನೋಡಿದರೆ ಮರದ ಕೆಳಗೆ ಯಾರೂ ಇಲ್ಲ.

ತೋಟದವರೆಗೆ ಓಡಿದೆ. ಅಲ್ಲಿಲ್ಲ. ಮನೆಗೆ ಓಡಿದೆ. ಅಲ್ಲಿಲ್ಲ. ಅಣ್ಣನ ಮಗ ಆಫೀಸು ಬಿಟ್ಟು ಬಂದ. ಸ್ಟ್ಯಾಂಡಿನ ಆಟೋಗಳೆಲ್ಲ ನಾಲ್ಕು ದಿಕ್ಕಿಗೆ ಹೊರಟವು. ಬಾವಿಗಳಲ್ಲಿ ಇಣುಕಿ ನೋಡಿದೆವು. ಕಡೆಗೆ ಬೈಕಿನ ಒಬ್ಬ ಯುವಕ ಸಿಕ್ಕಿದ. ಅವನಿಗೆ ನಡೆದದ್ದು ಏನೂ ಗೊತ್ತಿರಲಿಲ್ಲ, ನಗುನಗುತ್ತಲೇ ಹೇಳಿದ:

"ಹೌದ್ರಿ, ನಾನೇ ಕೂಡಿಸ್ಕೊಂಡ್ ಹೋದೆ. ಮುದುಕ ಮನಷಾ, ಬೇವಿನ ಗಿಡದ ಕೆಳಗ ನಿಂತಿದ್ರು. ಎಲ್ಲಿಗ್ರಿ ಅಂದೆ, ಗುಲ್ಬರ್ಗಾ ಅಂದ್ರು. ಬಸ್ಸಿಗಿ ಹತ್ತಿಸಿ, ಟಿಕೆಟ್ ನಾನೇ ತಗಸಿ, ಸೀಟ್ ಹಿಡದ್ ಕೊಟ್ಟು ಬಂದೀನ್ರಿ."

ಎಷ್ಟು ಒಳ್ಳೆಯ ಹುಡುಗ! ಟಿಕೆಟ್ಟು, ಸೀಟು, ಎಲ್ಲ. ಜೊತೆಗೆ ಯಾರಾದರೂ ಇದ್ದಾರಾ ಎಂದು ಒಂದು ಮಾತು ಕೇಳಲಿಲ್ಲ. ನಮ್ಮಲ್ಲಿ ಹಿರಿಯರಿಗೆ ಗಾಡಿ ಕೊಡುತ್ತಾರೆ, ಬಾಯಿ ಕೊಡುವುದಿಲ್ಲ, ಕಿವಿ ಕೊಡುವುದಿಲ್ಲ.

ಅಣ್ಣನ ಮಗನ ಬೈಕಿನ ಹಿಂದೆ ಕೂತು ಕಲಬುರಗಿಗೆ ಹೊರಟೆ. ಅರ್ಧ ದಾರಿಯಲ್ಲಿ ನನ್ನ ಫೋನು ಬಡಿಯಿತು. ಸೂಪರ್ ಮಾರ್ಕೆಟ್ಟಿನ ನಮ್ಮ ಸ್ಟ್ಯಾಂಡಿನವನು.

"ಮಾಮಾ, ನಿಮ್ಮಣ್ಣ ಇಲ್ಲಿ ಬಂದು ಕುಂತಾನ್ರಿ. ನಿಮ್ಮನ್ನ ಕೇಳಾಕತ್ತಾನ. ಬಸ್ ಸ್ಟ್ಯಾಂಡಿನಿಂದ ನಡಕೋತ ಬಂದೀನಿ ಅಂತಾನ. ಆಟೋದಾಗ ಕುಂದರ್ರಿ, ನೆಳ್ಳ ಐತಿ ಅಂದ್ರ ಹತ್ತವಲ್ಲ. 'ತಮ್ಮ ಬೈತಾನ' ಅಂತಾನ."

ಬೈಕಿನ ಮೇಲೆ ಗಾಳಿಯಲ್ಲಿ ನಾನು ಅತ್ತದ್ದು ಅಣ್ಣನ ಮಗನಿಗೆ ಕೇಳಿಸಲಿಲ್ಲ ಎಂದುಕೊಂಡಿದ್ದೇನೆ.

ಅಣ್ಣ ಸ್ಟ್ಯಾಂಡಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ನನ್ನನ್ನು ನೋಡಿ "ಎಷ್ಟೊತ್ತೋ?" ಎಂದ, ನಾನೇ ಎಲ್ಲೋ ತಪ್ಪಿಸಿಕೊಂಡು ಹೋಗಿದ್ದೆ ಅನ್ನುವ ಹಾಗೆ. ನಮ್ಮವರು ಚಹಾ ಕುಡಿಸಿ, ಸುತ್ತ ನಿಂತು ಕಾದಿದ್ದರು.

ಕಮಲಾಪುರದ ಮನೆಗೆ ಬಂದ ಮೇಲೆ ಅಣ್ಣನ ಮಗ ಜಗಳ ಆಡಲಿಲ್ಲ. ಅಂಗಡಿಗೆ ಹೋಗಿ ಬೀಗ ತಂದ. ಹೊರಗಿನ ಗೇಟಿಗೆ ಹಾಕಿದ. "ಕಾಕಾ, ನಿಮ್ಮ ನಡಸೋ ಆಟ ಮುಗೀತು. ಲಾರಿ ಕೆಳಗ ಬಿದ್ದಿದ್ರ?" ಎಂದ.

"ನಡದು ಕಳದಿಲ್ಲಪ್ಪಾ ಅವ. ಗಾಡಿ ಹತ್ತಿಸಿ ಕಳದಾರ!" ಎಂದು ಕೂಗಿದೆ.

"ಬಿಟ್ಟು ಜಗಳಕ್ಕ ಹೋದಾವ್ರು ಯಾರು?"

ನಾನು ಇನ್ನೂ ಜೋರಾಗಿ ಕೂಗಿದೆ. ಆ ಸಂಜೆಯ ಬಸ್ಸಿಗೇ ಬ್ರಹ್ಮಪುರಕ್ಕೆ ಬಂದುಬಿಟ್ಟೆ.

ಆಟೋ ವಾಪಸ್ಸು ಇಸಿದುಕೊಂಡು ಎಂಟು ದಿನ ನಾನೇ ಓಡಿಸಿದೆ. ಬಂದ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ. ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಇಲ್ಲೇ ಎದುರಿನ ಬಟ್ಟೆ ಅಂಗಡಿಗೆ ಬಿಡು ಎಂದ. "ಕಾಲು ಬಿದ್ದಾವೇನು? ನಡೀರಿ" ಎಂದೆ. ಒಂಬತ್ತನೆಯ ದಿನ ವೈನಿ ಫೋನ್ ಮಾಡಿದಳು. ಅವಳು ತಾನಾಗಿ ಫೋನ್ ಮಾಡುವವಳಲ್ಲ.

"ಬಾ" ಎಂದಳು, ಅಷ್ಟೇ.

ಹೋದೆ. ಅಣ್ಣ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ. ಮೊದಲ ಮೂರು ದಿನ ಗೇಟಿನ ಹತ್ತಿರ ನಿಂತು ಬೀಗ ಜಗ್ಗುತ್ತಿದ್ದನಂತೆ. ಆಮೇಲೆ ಜಗ್ಗುವುದನ್ನೂ ಬಿಟ್ಟನಂತೆ. "ಅಣ್ಣಾ, ಏಳು" ಎಂದು ಎಬ್ಬಿಸಿ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ, "ಉಂಡಿ ಏನು?" ಎಂದೆ. ನಿಂತುಬಿಟ್ಟ. ಎಂಟು ದಿನ. ಎರಡೂವರೆ ತಿಂಗಳು ಕಟ್ಟಿದ್ದನ್ನು ಒಂದು ಬೀಗ ಎಂಟು ದಿನದಲ್ಲಿ ತಿಂದುಹಾಕಿತ್ತು.

ನಾನು ಅಣ್ಣನ ಮಗನ ಮೇಲೆ ಬಾಯಿ ತೆರೆದೆ. ಅವನೂ ತೆರೆದ. ವೈನಿ ನಡುವೆ ಬಂದಳು.

"ಇಬ್ಬರೂ ಬಾಯಿ ಮುಚ್ರಿ. ನಿನಗ ಆಫೀಸಿನಾವ್ರು ಏನಂತಾರ ಅನ್ನೂದು ಚಿಂತಿ. ನಿನಗ," ನನ್ನ ಕಡೆ ತಿರುಗಿದಳು, "ನೀ ಹೇಳಿದ್ದು ಖರೆ ಆಗ್ಬೇಕನ್ನೂದು ಚಿಂತಿ. ಹದಿನೈದು ವರ್ಸ ಆಟೋದಾಗ ಕೂಡಿಸಿದಾಂವ ನೀನ. ಬಿಡು ಅಂತ ಕೈ ಮುಗದ್ರೂ ಕೇಳಲಿಲ್ಲ. ಈಗ ನಡಸಬೇಕಂತ ಊರಿಗೆಲ್ಲ ಬೈತಿ. ಅವರ ಕಾಲು ಅವರವ. ಇಬ್ಬರಾಗ ಒಬ್ಬರರ ಅವರನ್ನ ಕೇಳೀರೇನು?"

ಹೆಂಗಸೊಬ್ಬಳು ಹೀಗೆ ಎದುರಿಗೆ ಹೇಳಿದರೆ ಮೊದಲಾಗಿದ್ದರೆ ನಾನು ಊಟ ಬಿಟ್ಟು ಎದ್ದು ಹೋಗುತ್ತಿದ್ದೆ. ಆವತ್ತು ಎದ್ದು ಹೋಗಲು ಜಾಗ ಇರಲಿಲ್ಲ. ಅವಳ ಮಾತಿನ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ವೈನಿ ಮಗನ ಕೈಯಿಂದ ಕೀಲಿ ಇಸಿದುಕೊಂಡು ಗೇಟು ತೆಗೆದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಆಟೋ ಸ್ಟ್ಯಾಂಡಿಗೆ ಹೋದಳು. ಹದಿನೈದು ವರ್ಷದ ಹಿಂದೆ ನಾನು ಚಹಾ ಕುಡಿಸಿ ಮಾತು ತೆಗೆದುಕೊಂಡ ಜಾಗಕ್ಕೇ ಹೋಗಿ, ಚಹಾ ಇಲ್ಲದೆ, ಹೇಳಿದಳಂತೆ: "ನಮ್ಮನಿ ಯಜಮಾನ್ರನ್ನ ಯಾರೂ ಗಾಡಿ ಹತ್ತಿಸಬ್ಯಾಡ್ರಿ. ನಿಮಗ ಅಷ್ಟು ಮರ್ಯಾದಿ ಇದ್ರ, ಗಾಡಿ ಇಳದು ಎರಡು ಮಾತಾಡ್ರಿ, ಹೋಗ್ರಿ." ಗುಡಿಯ ಕಟ್ಟೆಗೂ ಹೇಳಿದಳು, ಚಹಾದಂಗಡಿಗೂ ಹೇಳಿದಳು. ಬೈಕಿನ ಆ ಯುವಕನ ಮನೆಗೆ ಹೋಗಿ ಅವನ ತಾಯಿಗೂ ಹೇಳಿ ಬಂದಳು.

ಮತ್ತೆ ಶುರುವಾಯಿತು. ನನಗೆ ಒಂದೇ ಕಟ್ಟಳೆ: ದಾರಿಯಲ್ಲಿ ಯಾರ ಜೊತೆಗೂ ಜಗಳ ತೆಗೆಯುವ ಹಾಗಿಲ್ಲ, ಅಣ್ಣನ ಕೈ ಬಿಡುವ ಹಾಗಿಲ್ಲ. ಕೈ ಹಿಡಿದವನಿಗೆ ಜಗಳ ಆಡಲು ಬರುವುದಿಲ್ಲ ಎಂಬುದು ಅರವತ್ತೆರಡು ವರ್ಷಕ್ಕೆ ನನಗೆ ಗೊತ್ತಾಯಿತು. ಎಲ್ಲ ಮೊದಲಿನಷ್ಟಕ್ಕೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಅವನು ತೋಟ ನೋಡಿ "ಯಾರದಿದು, ಛಲೋ ಬೆಳದಾರ" ಅನ್ನುತ್ತಾನೆ. ಕೆಲವು ದಿನ ಸಸಿಗಳ ಬುಡ ನೋಡಿ, ಪಾಲಿನವನಿಗೆ "ಮರಿ ಕಂದು ಕೀಳಬೇಕಲೋ, ತಾಯಿ ಗಿಡ ಸೊರಗ್ತದ" ಎಂದು ಬಯ್ಯುತ್ತಾನೆ. ಬಯ್ದ ದಿನ ನನಗೆ ಹಬ್ಬ.

ಹೋದ ವಾರ ಹೆದ್ದಾರಿಯ ಮೇಲೆ ಹೊರಟಿದ್ದೆವು. ಹಿಂದಿನಿಂದ ಬೈಕು ಬಂದು ನಿಂತಿತು. ನೋಡಿದರೆ ಅಣ್ಣನ ಮಗ. ಆಫೀಸಿಗೆ ಹೊರಟವನು, ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಕಾರ್ಡು. ಹಿಂದೆ ಯಾರೋ ಅವನಿಗೆ ಏನೋ ಅಂದಿದ್ದರೋ, ಬಿಸಿಲು ನೋಡಿ ಕರುಳು ಚುರ್ ಅಂದಿತೋ, ಗೊತ್ತಿಲ್ಲ.

"ಅಪ್ಪಾ, ಕುಂದರು. ತೋಟದ ತನಕ ಬಿಡ್ತೀನಿ" ಎಂದ.

ನನ್ನ ನಾಲಗೆಯ ತುದಿಗೆ ತಿಂಗಳುಗಟ್ಟಲೆ ಹೊಂದಿಸಿಟ್ಟ ಮಾತೆಲ್ಲ ಬಂತು. ಅಣ್ಣನ ಕೈ ನನ್ನ ಕೈಯಲ್ಲಿತ್ತು.

ಅಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಾರ ಮಗಪಾ ನೀ?" ಎಂದ.

ಊರಿನಲ್ಲಿ ಹಿರಿಯರು ಯಾವ ಹುಡುಗನಿಗಾದರೂ ಕೇಳುವ ಮಾತು ಅದು. ಅಣ್ಣನ ಮಗ ಕೊರಳಿನ ಕಾರ್ಡು ಹಿಡಿದುಕೊಂಡ. ಲಾರಿಯೊಂದು ಹಾರ್ನ್ ಹೊಡೆದು ದಾಟಿತು. 

"ನಿಮ್ಮ ಮಗನ್ರಿ" ಎಂದ. ತನ್ನ ಅಪ್ಪನಿಗೆ ಅವನು ಯಾವತ್ತೂ 'ರೀ' ಹಚ್ಚಿದವನಲ್ಲ.

"ನನ್ನ ಮಗನಾ?" ಅಣ್ಣ ಯೋಚಿಸಿದ. "ಹಂಗಾರ ಗಾಡಿ ಇಳಿ."

ಅವನು ಇಳಿದ. ಬೈಕನ್ನು ಜಲ್ಲಿಯ ಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೀಲಿ ತೆಗೆದು, ಅಣ್ಣನ ಇನ್ನೊಂದು ಕೈ ಹಿಡಿದ. ಅವನ ಬೂಟಿಗೆ ಜಲ್ಲಿ ಒಗ್ಗಲಿಲ್ಲ, ಎರಡು ಸಲ ಮುಗ್ಗರಿಸಿದ. ಆವತ್ತು ಆಫೀಸಿಗೆ ಹೋಗುವುದು ತಡವಾಗಿ ಸಾಹೇಬರ ಕೈಯಲ್ಲಿ ಬೈಸಿಕೊಂಡನಂತೆ.

ಬೈಸಿಕೊಳ್ಳಲಿ.